ಸ್ಟೀಲ್ ಡಬ್ಬಿಯಲ್ಲಿಟ್ಟ ವೈಫೈ

ನಮ್ಮ ಅಡುಗೆಮನೆಯ ಮೇಲಿನ ಸಾಲಿನಲ್ಲಿ ಒಂದು ಸ್ಟೀಲ್ ಡಬ್ಬಿಯಿದೆ. ಅಗಲಕ್ಕೆ ಅಂಗೈಗಿಂತ ಸ್ವಲ್ಪ ದೊಡ್ಡದು. ಮುಚ್ಚಳದ ಮೇಲೆ ಯಾರದೋ ಗೃಹಪ್ರವೇಶದಲ್ಲಿ ಉಡುಗೊರೆ ಕೊಟ್ಟವರ ಹೆಸರು ಕೊರೆದಿದೆ. ಅದರ ಅಂಚು ಒಂದು ಕಡೆ ನೆಗ್ಗಿ, ಈಗ ಸರಿಯಾಗಿ ಮುಚ್ಚುವುದೂ ಇಲ್ಲ. ಮೊನ್ನೆ ಬಂದಿದ್ದ ಗುಬ್ಬಿಯ ನೆಂಟರೊಬ್ಬರು ಅದರಿಂದ ಸಾಸಿವೆ ತೆಗೆದುಕೊಡುವಾಗ, "ಇದನ್ನ ಪಾತ್ರೆ ಅಂಗಡಿಗೆ ಹಾಕಿ ಬೇರೆ ತಗೊಳ್ಳಬಾರದಾ ಸರೋಜಮ್ಮಾ?" ಎಂದರು. "ಹಾಕಲ್ಲ ರೀ, ಅದು ಜಪಾನಿನ ರೈಲಿನಲ್ಲಿ ನೆಗ್ಗಿದ ಡಬ್ಬಿ" ಎಂದೆ. ಅವರು ನನ್ನ ಮುಖ ನೋಡಿದರು. ನಿವೃತ್ತಿಯಾದ ಮೇಲೆ ಮೇಡಂಗೆ ಏನೋ ಆಗಿದೆ ಎಂದುಕೊಂಡಿರಬೇಕು. ಅವರಿಗೆ ಬಸ್ಸಿಗೆ ಹೊತ್ತಾಗಿತ್ತು, ಕಥೆ ಹೇಳಲಾಗಲಿಲ್ಲ. ನಿಮಗೆ ಬಸ್ಸಿಲ್ಲ ತಾನೆ? ಕೂತುಕೊಳ್ಳಿ.

ಮೊದಲು ಡಬ್ಬಿಯ ಮೇಲಿನ ನನ್ನ ನಂಬಿಕೆಯನ್ನು ಹೇಳಬೇಕು. ನಮ್ಮ ಕಡೆಯ ಹೆಂಗಸರಿಗೆ ಸ್ಟೀಲ್ ಡಬ್ಬಿಗಿಂತ ದೊಡ್ಡ ಕಾವಲುಗಾರನಿಲ್ಲ. ಕೊತ್ತಗೆರೆಯ ನಮ್ಮ ಮನೆಯಲ್ಲಿ ಅವ್ವ ಬೀಗದ ಕೈಯನ್ನು ರಾಗಿಹಿಟ್ಟಿನ ಡಬ್ಬಿಯಲ್ಲಿಡುತ್ತಿದ್ದಳು, ಪಹಣಿ ಪತ್ರವನ್ನು ಹುರಳಿ ಡಬ್ಬಿಯಲ್ಲಿ. ಇಲಿಗೆ, ಇರುವೆಗೆ, ಮಳೆಗೆ, ನೆಂಟರ ಮಕ್ಕಳಿಗೆ, ಎಲ್ಲಕ್ಕೂ ಒಂದೇ ಉತ್ತರ. ನಾನು ತುಮಕೂರಿಗೆ ಬಂದು ಮನೆ ಮಾಡಿದ ಮೇಲೂ ಆ ಬುದ್ಧಿ ಬಿಡಲಿಲ್ಲ. ಥರ್ಮಾಮೀಟರ್ ಡಬ್ಬಿಯಲ್ಲಿ, ಟಿವಿ ರಿಮೋಟಿನ ಸೆಲ್ಲು ಡಬ್ಬಿಯಲ್ಲಿ, ನಮ್ಮ ಯಜಮಾನರ ಕನ್ನಡಕವೂ ಡಬ್ಬಿಯಲ್ಲಿ. ಅವರು ಪೇಪರ್ ಓದಬೇಕೆಂದರೆ ಮೊದಲು ಅಡುಗೆಮನೆಗೆ ಬಂದು ಮೂರು ಡಬ್ಬಿ ಅಲ್ಲಾಡಿಸಿ ನೋಡುತ್ತಾರೆ.

ಯಜಮಾನರಿಗೆ ವಿಮಾನ ಎಂದರೆ ಭಯ. ದೇವರಾಯನದುರ್ಗದ ತಿರುವುಗಳಲ್ಲೇ ಕಣ್ಣು ಮುಚ್ಚಿಕೊಂಡು ಕೂರುವವರು. ಹಾಗಾಗಿ ಗುಬ್ಬಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನದ ಪಾಠ ಹೇಳಿ ನಿವೃತ್ತಳಾದ ಮೇಲೆ ಜಪಾನ್ ನೋಡಬೇಕೆಂಬ ನನ್ನ ಹುಚ್ಚಿಗೆ ಜೊತೆಯಾದವಳು ನಮ್ಮಕ್ಕ, ರಂಗಮ್ಮ. ಜೊತೆಯಾದಳು ಎನ್ನುವುದು ಸುಳ್ಳು. ನಾನು ಎಳೆದುಕೊಂಡು ಹೋದೆ. ನಮ್ಮ ಮನೆಯಲ್ಲಿ ನನ್ನ ಹಟಕ್ಕೆ ಹೆಸರಿದೆ. ಎಪ್ಪತ್ನಾಲ್ಕು ವರ್ಷದ ಅಕ್ಕ ಅಲ್ಲಿಯವರೆಗೆ ಕುಣಿಗಲ್, ತುಮಕೂರು ಬಿಟ್ಟರೆ ಒಂದು ಸಲ ಧರ್ಮಸ್ಥಳ ನೋಡಿದ್ದಳು. "ನಂಗ್ಯಾಕೇ ಆ ದೇಶ? ಅಲ್ಲಿ ಮುದ್ದೆ ಸಿಕ್ತದಾ?" ಎಂದಳು. "ಸಿಗಲ್ಲ, ಹುರಿಹಿಟ್ಟು ತಗೊಂಡೋಗೋಣ" ಎಂದೆ. "ಹಂಗಾದ್ರೆ ಬತ್ತೀನಿ ಬುಡು" ಎಂದಳು.

ಅಕ್ಕನ ವಿಷಯ ನಿಮಗೆ ಗೊತ್ತಿರಬೇಕಾದದ್ದು ಒಂದೇ. ಅವಳು ಸೋಬಾನೆ ಪದದವಳು. ಕೊತ್ತಗೆರೆ ಸುತ್ತಿನ ಊರುಗಳಲ್ಲಿ ಮದುವೆಯೆಂದರೆ ಚಪ್ಪರ ಹಾಕುವವರಿಗೆ ಹೇಳುವ ಮೊದಲು ಅಕ್ಕನಿಗೆ ಹೇಳುತ್ತಾರೆ. ಚಪ್ಪರದ ದಿನ ಅಂಗಳದಲ್ಲಿ ಹಸೆ ಬರೆದು, ಮಣೆಯಿಟ್ಟು, ಒಳಗೆ ಕೂತಿರುವ ಹೆಣ್ಣನ್ನು ಅರಿಸಿನಕ್ಕೆ ಹಾಡಿ ಕರೆಯಬೇಕು. ಒಬ್ಬಳು ಹೇಳಿಕೊಡುವುದು, ಉಳಿದ ಹೆಂಗಸರು ಅದನ್ನೇ ಹಿಂದಿನಿಂದ ಹೇಳುವುದು. ಒಟ್ಟು ಐದು ನುಡಿ. ಕೊನೆಯ ನುಡಿಯಲ್ಲಿ ಹೆಣ್ಣಿನ ಹೆಸರು ಹಿಡಿದು ಕರೆಯುತ್ತಾರೆ, ಆಗ ಅವಳು ಎದ್ದು ಬಂದು ಹಸೆಯ ಮೇಲೆ ಕೂರಬೇಕು. ಮಧ್ಯದಲ್ಲಿ ನಿಂತರೆ ಮತ್ತೆ ಮೊದಲಿಂದ. ಇದು ಅಕ್ಕನ ಕಾನೂನು.

ಪಕ್ಕದ ಮನೆಯ ಚೈತ್ರ ಆ ಪದ ಕೇಳುತ್ತಲೇ ಬೆಳೆದವಳು. ತಾಯಿ ಇಲ್ಲದ ಹುಡುಗಿ. ಚಿಕ್ಕವಳಿದ್ದಾಗ ಅಕ್ಕನ ಸೆರಗು ಹಿಡಿದುಕೊಂಡು ಊರೂರಿನ ಮದುವೆಗೆ ಹೋಗಿ, ಅವಳ ತೊಡೆಯ ಮೇಲೇ ನಿದ್ದೆ ಮಾಡುತ್ತಿದ್ದಳು. ಆಗಲೇ ಅಕ್ಕ ಅವಳ ಕೈಮೇಲೆ ಕೈಯಿಟ್ಟು, "ನಿನ್ನ ಹಸೆಗೆ ನಾನೇ ಕರೀತೀನಿ ಕಣವ್ವ. ನಾನು ಕರೀದೆ ನೀನು ಏಳ್ಬೇಡ" ಎಂದಿದ್ದಳಂತೆ. ಚೈತ್ರ ಈಗ ಬಿ.ಎಡ್. ಮಾಡಿಕೊಂಡು ಟೀಚರ್ ಆಗಿದ್ದಾಳೆ, ಆದರೆ ಆ ಮಾತನ್ನು ಮರೆತಿರಲಿಲ್ಲ. ಅವಳ ಮದುವೆ ಗೊತ್ತಾಗಿದ್ದೇ, ಲಗ್ನಪತ್ರಿಕೆಗೂ ಮೊದಲು ಬಂದು ಅಕ್ಕನಿಗೆ ನೆನಪಿಸಿ ಹೋಗಿದ್ದಳು. ನಾವು ಜಪಾನಿನಿಂದ ಬಂದ ಹತ್ತು ದಿನಕ್ಕೆ ಮದುವೆ.

ನಾವು ಹೊರಡಲು ಆರು ದಿನವಿರುವಾಗ ಗಂಡಿನ ಕಡೆಯವರು ದಿನ ಬದಲಾಯಿಸಿದರು. ಕುಣಿಗಲ್ಲಿನ ಛತ್ರದಲ್ಲಿ ಏನೋ ತೊಡಕಾಗಿ ಮದುವೆ ಗೊತ್ತಾಗಿದ್ದ ದಿನಕ್ಕಿಂತ ಮೊದಲೇ ಬಂತು. ಚಪ್ಪರದ ಶುಕ್ರವಾರ ನಾವು ಜಪಾನಿನಲ್ಲಿ.

ಅಕ್ಕ ಬಟ್ಟೆ ಜೋಡಿಸಿಟ್ಟಿದ್ದ ಬ್ಯಾಗನ್ನು ಬಿಚ್ಚಿ, ಸೀರೆಗಳನ್ನು ಒಂದೊಂದಾಗಿ ಬೀರುವಿಗೆ ಸೇರಿಸತೊಡಗಿದಳು. "ನೀ ಹೋಗ್ಬಾ ಸರೋಜಿ. ನಾನು ಮಾತು ಕೊಟ್ಟಿದೀನಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ನನ್ನನ್ನು ಎತ್ತಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತೆಂದು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅವಳು. ಆ ಬಿಟ್ಟ ಶಾಲೆಗೆ ಬದಲಾಗಿ ನಾನು ಏನು ಕೊಟ್ಟೆ? ವರ್ಷಕ್ಕೊಂದು ಸೀರೆ. ಈ ಪ್ರಯಾಣವನ್ನಾದರೂ ಅವಳಿಂದ ಕಿತ್ತುಕೊಳ್ಳಲು ಬಿಡಬಾರದೆಂದು ನಿರ್ಧರಿಸಿಬಿಟ್ಟೆ.

"ನೀನು ಅಲ್ಲಿಂದಲೇ ಕರೀತೀಯ" ಎಂದೆ.

"ಅಲ್ಲಿಂದ ಕೂಗಿದ್ರೆ ಕೊತ್ತಗೆರೆಗೆ ಕೇಳ್ತದೇನೇ?"

"ವಿಡಿಯೊ ಕಾಲ್ ಮಾಡಿಸ್ತೀನಿ. ಲತಾ ಕೈಲಿ ಫೋನ್ ಇರುತ್ತೆ. ಚೈತ್ರಂಗೆ ನಿನ್ನ ಮುಖ ಕಾಣುತ್ತೆ, ದನಿ ಕೇಳುತ್ತೆ. ಹೆಣ್ಣನ್ನ ಹಸೆಗೆ ಕೂರಿಸೋ ಜವಾಬ್ದಾರಿ ನಂದು. ಕೂರಿಸದಿದ್ರೆ ನನ್ನ ಸರೋಜ ಅಂತ ಕರೀಬೇಡ."

ಲತಾ ಅಕ್ಕನ ಸೊಸೆ, ಚುರುಕಿನ ಹುಡುಗಿ. ಚೈತ್ರಳನ್ನೇ ಕೇಳಿದೆವು. ಅವಳು, "ಅಜ್ಜಿ ದನಿ ಬಂದ್ರೆ ಸಾಕು, ಎಲ್ಲಿಂದಾದ್ರೂ ಬರ್ಲಿ. ಬರದಿದ್ರೆ ಮಾತ್ರ ನಾನು ಏಳಲ್ಲ ಆಂಟಿ" ಎಂದಳು. ಅಕ್ಕ ಮತ್ತೆ ಬ್ಯಾಗಿಗೆ ಸೀರೆ ತುಂಬಿದಳು.

ಜಪಾನಿನಲ್ಲಿ ವಿಮಾನದಿಂದ ಇಳಿದ ಕೂಡಲೇ ನಮ್ಮ ಟೂರ್ ಮ್ಯಾನೇಜರ್ ಕಿರಣ್ ನಾಲ್ಕು ನಾಲ್ಕು ಜನಕ್ಕೆ ಒಂದೊಂದು ಪಾಕೆಟ್ ವೈಫೈ ಕೊಟ್ಟ. ಸೋಪಿನಷ್ಟು ದೊಡ್ಡ ಯಂತ್ರ. ಅದರ ಹತ್ತಿರವಿರುವವರಿಗೆಲ್ಲ ಇಂಟರ್‌ನೆಟ್ಟು. ದೂರ ಹೋದರೆ ಇಲ್ಲ. ನಮ್ಮ ಗುಂಪಿನಲ್ಲಿ ನಾನು, ಅಕ್ಕ, ಜೊತೆಗೆ ಕ್ಯಾತ್ಸಂದ್ರದ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು ಮತ್ತು ಅವರ ಹೆಂಡತಿ. "ಸೈನ್ಸ್ ಮೇಡಂ ಇಟ್ಕೊಳ್ಳಲಿ" ಎಂದು ಮೇಷ್ಟ್ರು ಯಂತ್ರವನ್ನು ನನಗೇ ಒಪ್ಪಿಸಿದರು. ಒಪ್ಪಿಸಿದ ಮೇಲೆ ನನ್ನ ಗುಲಾಮರಾದರು. ನಾನು ಅಂಗಡಿಯೊಳಗೆ ಹೋದರೆ ಅವರೂ ಅಂಗಡಿಯೊಳಗೆ. ನಾನು ದೇವಸ್ಥಾನದ ಮೆಟ್ಟಿಲು ಹತ್ತಿದರೆ ಅವರೂ ಏದುಸಿರು ಬಿಡುತ್ತ ಹತ್ತುತ್ತಿದ್ದರು. ನಾನು ಶೌಚಾಲಯಕ್ಕೆ ಹೋದರೆ ಮೇಷ್ಟ್ರ ವಾಟ್ಸಾಪ್ ನಿಂತುಹೋಗುತ್ತಿತ್ತು. ಪಾಪ, ಹೊರಗೆ ನಿಂತು ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದಿರುತ್ತಿದ್ದರು.

ಆ ದೃಶ್ಯ ನೋಡಿದಾಗೆಲ್ಲ ನನಗೆ ನಮ್ಮಪ್ಪ ನೆನಪಾಗುತ್ತಿದ್ದರು. ಕೊತ್ತಗೆರೆಯ ಮನೆಯಲ್ಲಿ ಒಂದು ಟ್ರಾನ್ಸಿಸ್ಟರ್ ಇತ್ತು. ಮನೆಯೊಳಗೆ ಬರೀ ಗೊರಗೊರ. ಕೆರೆ ಏರಿಯ ಮೇಲೆ ನಿಂತರೆ ಬೆಂಗಳೂರು ಸ್ಪಷ್ಟ. ಹಾಗಾಗಿ ಸಂಜೆಯ ವಾರ್ತೆಗೆ ಅಪ್ಪ ಅದನ್ನು ಹೆಗಲ ಮೇಲಿಟ್ಟುಕೊಂಡು ಏರಿಗೆ ಹೊರಡುತ್ತಿದ್ದರು. ಹಿಂದೆ ಊರಿನ ಏಳೆಂಟು ಜನ. ಅಪ್ಪ ನಿಂತಲ್ಲಿ ಅವರೂ ನಿಲ್ಲಬೇಕು, ತಿರುಗಿದತ್ತ ಅವರೂ ತಿರುಗಬೇಕು. ಅಪ್ಪನಿಗೆ ಆಗ ಬರುತ್ತಿದ್ದ ಗತ್ತು ಈಗ ನನಗೂ ಬಂದಿತ್ತು, ಸುಳ್ಳೇಕೆ ಹೇಳಲಿ.

ಅಕ್ಕ ಅದನ್ನು ಮಿಷಿನ್ನು ಎನ್ನುತ್ತಿದ್ದಳು. ದಿನಾ ಬೆಳಿಗ್ಗೆ ಎದ್ದವಳೇ, "ಮಿಷಿನ್ನು ಸಂದಾಗಿದೆಯೇನೇ?" ಎಂದು ಕೇಳುವಳು. ಆಮೇಲೆ ಬೆರಳು ಮಡಚಿ, "ಶುಕ್ರವಾರಕ್ಕೆ ಇನ್ನು ನಾಕು ದಿನ" ಎನ್ನುವಳು. ಹೂವು, ಗುಡಿ, ಗೋಪುರ ಏನು ತೋರಿಸಿದರೂ "ಸಂದಾಗದೆ" ಎನ್ನುವಳು. ಮನಸ್ಸು ಮಾತ್ರ ಶುಕ್ರವಾರದ ಮೇಲೆ.

ಗುರುವಾರ ಊಟದ ಹೋಟೆಲಿನಲ್ಲಿ ಮೇಷ್ಟ್ರ ಹೆಂಡತಿಯ ಕೈತಪ್ಪಿ ಅರ್ಧ ಬಟ್ಟಲು ಸಾರು ನನ್ನ ಚೀಲದ ಮೇಲೆ ಚೆಲ್ಲಿತು. ಯಂತ್ರ ಕೂದಲೆಳೆಯಲ್ಲಿ ಪಾರಾಯಿತು. ನಾಳೆಯೇ ಶುಕ್ರವಾರ. ಈ ಯಂತ್ರಕ್ಕೆ ಏನಾದರೂ ಆದರೆ ಅಕ್ಕನ ಮುಖ ಹೇಗೆ ನೋಡುವುದು? ಶುಕ್ರವಾರ ಬೆಳಿಗ್ಗೆ ಚಟ್ನಿಪುಡಿ ತಂದಿದ್ದ ಸ್ಟೀಲ್ ಡಬ್ಬಿಯನ್ನು ತೊಳೆದು, ಒರೆಸಿ, ಒಳಗೆ ಕರವಸ್ತ್ರ ಹಾಸಿ, ಯಂತ್ರವನ್ನು ಮಲಗಿಸಿ, ಮುಚ್ಚಳವನ್ನು ಗಟ್ಟಿಯಾಗಿ ಒತ್ತಿದೆ. ಇನ್ನು ಸಾರಲ್ಲ, ಸಮುದ್ರವೇ ಚೆಲ್ಲಲಿ.

ನೀವು ಆಗಲೇ ನಗುತ್ತಿದ್ದೀರಿ. ನಗಿ. ನಾನೂ ಈಗ ನಗುತ್ತೇನೆ.

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಊರಿನಲ್ಲಿ ಹತ್ತೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಚೈತ್ರ ಹಸೆಯ ಮೇಲೆ ಕೂತಿರಬೇಕು. ಎಂದರೆ ಜಪಾನಿನಲ್ಲಿ ಮಧ್ಯಾಹ್ನ ಎರಡು ಗಂಟೆ. ಒಂದು ಗಂಟೆಗೆಲ್ಲ ಮುಂದಿನ ಊರಿನ ಹೋಟೆಲು ಸೇರುತ್ತೇವೆ, ರೂಮಿನಲ್ಲಿ ಕೂತು ಹಾಯಾಗಿ ಹಾಡಬಹುದೆಂದು ಕಿರಣ್ ಭರವಸೆ ಕೊಟ್ಟಿದ್ದ. ಬೆಳಿಗ್ಗೆ ನೋಡಲು ಹೋದ ತೋಟದಲ್ಲಿ ನಮ್ಮವರೆಲ್ಲ ಫೋಟೊ ತೆಗೆಸಿಕೊಳ್ಳುತ್ತ ನಿಂತರು. ರೈಲು ಹತ್ತಿದಾಗಲೇ ಒಂದು ಗಂಟೆ ದಾಟಿತ್ತು. ಹೋಟೆಲು ಸೇರುವುದು ಎರಡೂವರೆಗೆ ಎಂದ ಕಿರಣ್. ಜೊತೆಗೆ, "ಇಲ್ಲಿ ರೈಲಿನಲ್ಲಿ ಫೋನಲ್ಲಿ ಮಾತಾಡೋದು ತಪ್ಪು ಅಂತ ತಿಳ್ಕೋತಾರೆ ಮೇಡಂ, ದಯವಿಟ್ಟು" ಎಂದು ಕೈಮುಗಿದ. ನಿಜ, ರೈಲಿನಲ್ಲಿ ಒಬ್ಬರೂ ಮಾತಾಡುತ್ತಿರಲಿಲ್ಲ. ಕೆಮ್ಮಿದವರೂ ಕ್ಷಮೆ ಕೇಳುವಂಥ ಮೌನ.

ಅದಕ್ಕಿಂತ ದೊಡ್ಡ ಕಷ್ಟ ಮೇಷ್ಟ್ರು ತಂದಿಟ್ಟರು. "ಮೇಡಂ, ಬೆಳಗಿಂದ ನೆಟ್ ಇಲ್ವಲ್ಲ."

ನೋಡಿದೆ. ನನ್ನ ಫೋನಿನಲ್ಲೂ ಇಲ್ಲ. ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಎತ್ತಿ ನೋಡಿದರೆ ಯಂತ್ರದ ಹಸಿರು ದೀಪಗಳೆಲ್ಲ ಉರಿಯುತ್ತಿವೆ. "ಸರಿಯಾಗೇ ಇದೆಯಲ್ಲ ಮೇಷ್ಟ್ರೇ" ಎಂದು ಜೋಪಾನವಾಗಿ ಮುಚ್ಚಿದೆ. "ಬಂತು... ಹೋಯ್ತು" ಎಂದರು ಅವರು. ಮತ್ತೆ ತೆಗೆದೆ. "ಬಂತು" ಎಂದರು. ಮುಚ್ಚಿದೆ. "ಹೋಯ್ತು." ಇಷ್ಟಾದರೂ ನನ್ನ ತಲೆಗೆ ಹೋಗಲಿಲ್ಲ. ಈ ದೇಶದ ಸಿಗ್ನಲ್ಲೇ ಹೀಗೆ ಎಂದು ಬೈದುಕೊಂಡೆ. ಮೂರನೆಯ ಸಲ ತೆಗೆದು, ಅವಸರದಲ್ಲಿ ಮುಚ್ಚಳವನ್ನು ಓರೆಯಾಗಿ ಒತ್ತಿದೆ. ಅದು ಕಚ್ಚಿಕೊಂಡಿತು.

ಅಕ್ಕ ಇದನ್ನೆಲ್ಲ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. "ಸರೋಜಿ, ಅದುನ್ನ ಹಂಗೆ ಬಾಯಿ ಕಟ್ಟಿ ಇಟ್ರೆ ಉಸಿರೆಲ್ಲಿಂದ ಆಡ್ತದೆ?" ಎಂದಳು.

ಆಗ ಹೊಳೆಯಿತು ನೋಡಿ. ಮೂವತ್ತೊಂದು ವರ್ಷ, ಪ್ರತಿ ವರ್ಷ, ಗುಬ್ಬಿಯ ಹೈಸ್ಕೂಲಿನ ಹತ್ತನೇ ಕ್ಲಾಸಿನಲ್ಲಿ ಹಾಡುತ್ತಿರುವ ಸಣ್ಣ ಟ್ರಾನ್ಸಿಸ್ಟರನ್ನು ಒಂದು ಸ್ಟೀಲ್ ಡಬ್ಬಿಯೊಳಗಿಟ್ಟು, ಮುಚ್ಚಳ ಹಾಕಿ, ಹಾಡು ನಿಂತದ್ದನ್ನು ತೋರಿಸಿದವಳು ನಾನು. "ಲೋಹದ ಗೋಡೆಯನ್ನು ರೇಡಿಯೊ ತರಂಗ ದಾಟುವುದಿಲ್ಲ, ಬರೆದುಕೊಳ್ಳಿ" ಎಂದವಳು ನಾನು. ಡಬ್ಬಿಯನ್ನೂ ಮನೆಯಿಂದಲೇ ಒಯ್ಯುತ್ತಿದ್ದೆ. ನನ್ನ ವಿದ್ಯಾರ್ಥಿಗಳು ಯಾರಾದರೂ ಆ ರೈಲಿನಲ್ಲಿದ್ದಿದ್ದರೆ ನಾನು ಕಿಟಕಿಯಿಂದ ಹಾರಿಬಿಡುತ್ತಿದ್ದೆ. ನಾಲ್ಕನೇ ಕ್ಲಾಸಿನ ಅಕ್ಕ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದಳು.

ಮುಚ್ಚಳ ಬರಲೊಲ್ಲದು. ಉಗುರು ಹಾಕಿದೆ, ಸೆರಗಿನಿಂದ ಹಿಡಿದು ತಿರುಗಿಸಿದೆ. ಕೊನೆಗೆ ಮೇಷ್ಟ್ರು ಸೂಟ್‌ಕೇಸಿನ ಬೀಗದ ಕೈ ತೂರಿಸಿ, ಅಂಚು ನೆಗ್ಗುವಂತೆ ಮೀಟಿದರು. ಠಣ್ ಎಂದು ಇಡೀ ಬೋಗಿಗೆ ಕೇಳುವಂತೆ ಮುಚ್ಚಳ ಹಾರಿ, ಎದುರು ಕೂತಿದ್ದ ಮುದುಕರೊಬ್ಬರ ಬೂಟಿಗೆ ಬಡಿಯಿತು. ಅವರು ಎದ್ದು, ಎರಡು ಕೈಯಲ್ಲಿ ಹಿಡಿದು, ಬಗ್ಗಿ ತಂದುಕೊಟ್ಟರು. ನಾನು ಅವರಿಗಿಂತ ಹೆಚ್ಚು ಬಗ್ಗಿದೆ.

ಫೋನಿಗೆ ಜೀವ ಬಂತು. ಲತಾಳಿಂದ ಹದಿಮೂರು ಮಿಸ್ಡ್ ಕಾಲ್. ಒಂದು ಮೆಸೇಜು ಹೀಗಿತ್ತು: "ಚಿಕ್ಕತ್ತೆ ಎಲ್ಲಿದೀರಾ? ಎಲ್ರೂ ಬಂದಾಯ್ತು. ಚೈತ್ರ ರೂಮಿಂದ ಏಳ್ತಾ ಇಲ್ಲ. ಗಂಡಿನ ಕಡೆ ಹೆಂಗಸ್ರು ಬೇರೆ ಬಂದವ್ರೆ, ಮಾತಾಡ್ತಾವ್ರೆ. ಹತ್ತೂವರೆ ಒಳಗೆ ಆಗ್ಬೇಕು." ಗಡಿಯಾರ ನೋಡಿದೆ. ಒಂದೂವರೆ. ಇನ್ನು ಮೂವತ್ತು ನಿಮಿಷ.

ನಾನು ಎದ್ದು ನಿಂತೆ. "ಕಿರಣ್, ಮುಂದಿನ ಸ್ಟೇಷನ್ನಿನಲ್ಲಿ ನಾನೂ ಅಕ್ಕನೂ ಇಳೀತೀವಿ."

ಅವನಿಗೆ ಗಾಬರಿಯಾಯಿತು. "ಬೇಡ ಮೇಡಂ, ಅದು ಸಣ್ಣ ಸ್ಟೇಷನ್ನು. ಇಂಗ್ಲಿಷ್ ಬರೋರು ಯಾರೂ ಇರಲ್ಲ. ಕಳೆದುಹೋದ್ರೆ ನನ್ನ ಕೆಲ್ಸ ಹೋಗುತ್ತೆ."

"ಕಳೆದುಹೋಗಕ್ಕೆ ನಾವೇನು ಮಕ್ಕಳೇನಪ್ಪಾ? ಮುಂದಿನ ರೈಲು ಎಷ್ಟೊತ್ತಿಗೆ, ಎಷ್ಟನೇ ಸ್ಟೇಷನ್ನಿನಲ್ಲಿ ಇಳೀಬೇಕು, ಒಂದು ಚೀಟೀಲಿ ಬರೆದುಕೊಡು. ಹೋಟೆಲಿನ ಹೆಸರನ್ನ ಅವರ ಭಾಷೇಲೇ ಬರೆ."

ಮೇಷ್ಟ್ರು ಕ್ಷೀಣವಾಗಿ, "ನೆಟ್ಟೂ ಇಳಿದುಹೋಗುತ್ತಲ್ಲ ಮೇಡಂ" ಎಂದರು. ಅವರ ಹೆಂಡತಿ, "ಸುಮ್ನಿರಿ ಅಂದ್ರೆ. ಅಲ್ಲಿ ಹೆಣ್ಣುಮಗು ಕಾಯ್ತಾ ಕೂತೈತೆ, ಇವರಿಗೆ ಗುಡ್ ಮಾರ್ನಿಂಗ್ ಫೋಟೊ ಕಳಿಸಬೇಕಂತೆ" ಎಂದು ಗದರಿದರು. ಆ ತಾಯಿ ನನ್ನ ಚೀಲದ ಮೇಲೆ ಚೆಲ್ಲಿದ ಸಾರನ್ನು ಆ ಕ್ಷಣವೇ ಕ್ಷಮಿಸಿದೆ. ಕಿರಣ್ ಚೀಟಿ ಬರೆದ.

ಸ್ಟೇಷನ್ನು ನಮ್ಮ ಕ್ಯಾತ್ಸಂದ್ರದ ಸ್ಟೇಷನ್ನಿಗಿಂತ ಚಿಕ್ಕದು. ಒಂದು ಪ್ಲಾಟ್‌ಫಾರಂ, ಒಂದು ಬೆಂಚು, ಹಿಂದೆ ಗದ್ದೆ. ಚಳಿಗಾಳಿ ಬೀಸುತ್ತಿತ್ತು. ಅಕ್ಕನ ತಲೆಗೆ ನನ್ನ ಶಾಲು ಸುತ್ತಿ ಬೆಂಚಿನ ಮೇಲೆ ಕೂರಿಸಿ, ಯಂತ್ರವನ್ನು ಬರಿಗೈಯಲ್ಲಿ ಹಿಡಿದುಕೊಂಡು ಲತಾಳಿಗೆ ಕಾಲ್ ಮಾಡಿದೆ. ಒಂದೇ ರಿಂಗಿಗೆ ತೆಗೆದಳು. ಹಸಿರು ಚಪ್ಪರ, ಹಸೆ, ಹೊಸ ಸೀರೆಯುಟ್ಟ ಹೆಂಗಸರ ಗುಂಪು ಎಲ್ಲವೂ ಅಂಗೈಯಷ್ಟು ಪರದೆಯಲ್ಲಿ ಕಂಡವು.

"ಅತ್ತೇ, ಶುರು ಮಾಡಿ" ಎಂದಳು ಲತಾ.

ಅಕ್ಕ ಕಣ್ಣು ಮುಚ್ಚಿದಳು. ಪದ ಹೇಳುವಾಗ ಅವಳು ಯಾವತ್ತೂ ಕಣ್ಣು ತೆಗೆಯುವುದಿಲ್ಲ. ಒಂದು ಕೈ ಕಿವಿಗೆ ಹೋಯಿತು, ಗಂಟಲು ಎತ್ತಿದಳು. ಆ ಪ್ಲಾಟ್‌ಫಾರಮ್ಮಿನಲ್ಲಿ, ಆ ಮೌನದ ದೇಶದಲ್ಲಿ, ಕೊತ್ತಗೆರೆಯ ಸೋಬಾನೆ ಎದ್ದಿತು. ಟೋಪಿ ಹಾಕಿದ ಸ್ಟೇಷನ್ ನೌಕರರೊಬ್ಬರು ಓಡಿಬಂದರು. ಬೈಯುತ್ತಾರೆಂದು ನಾನು ಚೀಟಿ ಚಾಚಿದೆ. ಅವರು ಅಕ್ಕನ ಮುಚ್ಚಿದ ಕಣ್ಣು ನೋಡಿ, ಚೀಟಿ ತೆಗೆದುಕೊಳ್ಳದೆ ಸ್ವಲ್ಪ ದೂರದಲ್ಲಿ ನಿಂತರು.

ಅಕ್ಕ ಒಂದು ಸಾಲು ಹೇಳಿದರೆ, ಅದು ಅಲ್ಲಿಗೆ ಹೋಗಿ, ಹೆಂಗಸರು ಹೇಳಿದ್ದು ತಿರುಗಿ ಬರುವಷ್ಟರಲ್ಲಿ ಎರಡು ಗಳಿಗೆ ತಡ. "ಯಾಕ್ರೇ ಎಳೀತೀರಾ, ಹೊಟ್ಟೆಗೆ ತಿಂದಿಲ್ವೇನ್ರೇ?" ಎಂದು ಒಂದು ಸಲ ಬೈದು, ಆಮೇಲೆ ಆ ತಡಕ್ಕೇ ತಾಳ ಹೊಂದಿಸಿಕೊಂಡಳು. ಮೊದಲ ನುಡಿ ಮುಗಿಯಿತು. ಎರಡನೆಯದು ಮುಗಿಯಿತು. ಮೂರನೆಯದರ ಮೊದಲ ಸಾಲು ಹೇಳಿ ಅಕ್ಕ ಕಾದಳು. ಉತ್ತರ ಬರಲಿಲ್ಲ.

ಪರದೆಯಲ್ಲಿ ಲತಾಳ ಬಾಯಿ ತೆರೆದಂತೆಯೇ ನಿಂತಿತ್ತು. ಯಂತ್ರ ನೋಡಿದೆ. ಹಸಿರು ದೀಪ ಎಲ್ಲವೂ ಸರಿ. ಕೆಟ್ಟದ್ದು ನಮ್ಮ ಕಡೆ ಅಲ್ಲ, ಕೊತ್ತಗೆರೆಯ ಕಡೆ. ಅಕ್ಕನಿಗೆ ಇದು ಗೊತ್ತಿಲ್ಲ. ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಾಳೆ. ಕಟ್ಟಾಯಿತು ಎಂದು ಹೇಳಬೇಕು. ನನ್ನ ಬಾಯಿಂದ ಆ ಮಾತು ಬರಲಿಲ್ಲ. ಬಂದದ್ದು ಆ ಸಾಲು.

ಹಾಡಿದವಳಲ್ಲ ನಾನು. ಎಂಟನೇ ಕ್ಲಾಸಿಗೆ ತುಮಕೂರಿನ ಹಾಸ್ಟೆಲಿಗೆ ಸೇರಿದ ಹೊಸದರಲ್ಲಿ ಬಟ್ಟೆ ಒಗೆಯುತ್ತ ಸೋಬಾನೆ ಗುನುಗಿದ್ದೆ. ಹಾಸ್ಟೆಲಿನ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅವತ್ತು ಮುಚ್ಚಿದ ಬಾಯಿ. ನನ್ನ ಮದುವೆಯ ಹೊತ್ತಿಗೆ ಅಕ್ಕ, "ಎರಡು ಪದ ಕಲ್ತುಕೊಳ್ಳೇ, ನನ್ನ ಹಿಂದೆ ಯಾರಾದ್ರೂ ಬೇಕಲ್ಲ" ಎಂದಾಗ, "ಓದಿದೋಳಿಗೆ ಅದೆಲ್ಲ ಯಾಕಕ್ಕಾ" ಎಂದಿದ್ದೆ. ಅವಳು ಮತ್ತೆ ಕೇಳಲಿಲ್ಲ. ಹಾಗೆ ಅಂದಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ನನ್ನ ದನಿ ಕೇಳಿ ಅಕ್ಕ ಕಣ್ಣು ತೆರೆದಳು. ನನ್ನನ್ನು ನೋಡಿದಳು, ಫೋನನ್ನು ನೋಡಿದಳು. ಎಲ್ಲ ಅರ್ಥವಾಯಿತು. ಆದರೂ ನಿಲ್ಲಿಸಲಿಲ್ಲ. ಮುಂದಿನ ಸಾಲು ಹೇಳಿದಳು. ನಾನು ಹಿಂದಿನಿಂದ ಹೇಳಿದೆ. ಶ್ರುತಿಯಿಲ್ಲ, ತಾಳವೂ ಅಷ್ಟಕ್ಕಷ್ಟೇ. ಆದರೆ ಒಂದು ಪದವೂ ತಪ್ಪಲಿಲ್ಲ. ಎಲ್ಲವೂ ನನ್ನೊಳಗೆ ಇದ್ದವು. ಐದನೇ ನುಡಿ ಮುಗಿಯುವಷ್ಟರಲ್ಲಿ ಚಳಿಗಾಳಿಗೆ ಅಕ್ಕನ ಗಂಟಲು ಕಟ್ಟಿ, ಕೆಮ್ಮು ಹತ್ತಿಕೊಂಡಿತು.

ಕಾಲ್ ಮಾಡುತ್ತಲೇ ಇದ್ದೆ. ಐದು ನಿಮಿಷ ಕಳೆದು ಒಂದು ಸಲ ತಗುಲಿತು. ಲತಾ ಅಳುವ ದನಿಯಲ್ಲಿ, "ಕರೆಂಟ್ ಹೋಗ್ಬುಡ್ತು ಚಿಕ್ಕತ್ತೆ, ಅದರ ಜತೆ ವೈಫೈನೂ ಹೋಯ್ತು. ಈಗ ಪಕ್ಕದ ಮನೆಯೋರ ಫೋನಿಂದ ನೆಟ್ ಹಾಕ್ಕೊಂಡಿದೀನಿ. ಟೈಮ್ ಇಲ್ಲ" ಎಂದಳು.

"ಚೈತ್ರ ಎದ್ದಳಾ?"

ಲತಾ ಫೋನನ್ನು ಕೋಣೆಯೊಳಗೆ ಒಯ್ದಳು. ಅರಿಸಿನ ಬಣ್ಣದ ಸೀರೆಯಲ್ಲಿ ಚಾಪೆಯ ಮೇಲೆ ಚೈತ್ರ ಕೂತಿದ್ದಳು. ಕಣ್ಣು ಕೆಂಪಾಗಿತ್ತು. "ಇಲ್ಲ ಅಜ್ಜಿ. ಮೂರನೇ ನುಡಿಗೆ ನಿಂತೋಯ್ತು. ಎಲ್ರೂ ಏಳು ಏಳು ಅಂತಾವ್ರೆ. ನೀವು ಕರೀದೆ ನಾನು ಹೆಂಗೆ ಏಳ್ಲಿ?"

ಅಕ್ಕ ಬಾಯಿ ತೆರೆದಳು. ಗಾಳಿ ಬಂತೇ ಹೊರತು ದನಿ ಬರಲಿಲ್ಲ. ಮತ್ತೊಂದು ಸಲ ಪ್ರಯತ್ನಿಸಿದಳು. ಕೆಮ್ಮು. ನೀರು ಕುಡಿಸಿದೆ. ಊರಿನ ಗಡಿಯಾರದಲ್ಲಿ ಹತ್ತು ಇಪ್ಪತ್ತು. ಆ ಹೊತ್ತಿಗೇ ನಾವು ಹತ್ತಬೇಕಾಗಿದ್ದ ರೈಲು ಬಂದು ನಿಂತು, ಬಾಗಿಲು ತೆರೆಯಿತು. ಟೋಪಿಯವರು ನಮ್ಮ ಕಡೆ ನೋಡಿದರು. ನಾನು ಇಲ್ಲ ಎಂದು ತಲೆಯಾಡಿಸಿದೆ. ಬಾಗಿಲು ಮುಚ್ಚಿತು, ರೈಲು ಹೊರಟಿತು.

ಅಕ್ಕ ನನ್ನ ಮಣಿಕಟ್ಟು ಹಿಡಿದು ಪಿಸುಗುಟ್ಟಿದಳು. "ನೀನು ಹೇಳು. ನಾನು ಹಿಂದಿಂದ ಹೇಳ್ತೀನಿ."

"ಅಕ್ಕಾ, ನಾನಾ? ಎಲ್ರೂ ನಗ್ತಾರೆ."

"ನಗ್ಲಿ ಬುಡು. ಹೇಳು ಅಂದ್ರೆ ಹೇಳ್ಬೇಕು."

ಹೆಣ್ಣನ್ನು ಹಸೆಗೆ ಕೂರಿಸುತ್ತೇನೆಂದು ಹಟ ಹಿಡಿದವಳು ನಾನೇ ತಾನೆ? ಫೋನನ್ನು ಎದುರಿಗೆ ಹಿಡಿದು, ಮೊದಲ ನುಡಿಯ ಮೊದಲ ಸಾಲು ಎತ್ತಿದೆ. ಅಲ್ಲಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದದ್ದು ಸ್ಪಷ್ಟವಾಗಿ ಕೇಳಿತು. ನಿಲ್ಲಿಸಲಿಲ್ಲ. ಅಕ್ಕ ನನ್ನ ಭುಜಕ್ಕೆ ಭುಜ ಒತ್ತಿ, ಗಾಳಿಯಂಥ ದನಿಯಲ್ಲಿ ಹಿಂದಿನಿಂದ ಹೇಳಿದಳು. ಎರಡು ಗಳಿಗೆ ತಡವಾಗಿ ಕೊತ್ತಗೆರೆಯ ಹೆಂಗಸರೂ ಹೇಳಿದರು. ಎರಡನೇ ನುಡಿಗೆ ಕಿಸಕಿಸ ನಿಂತಿತು. ಮೂರನೆಯದಕ್ಕೆ ನನ್ನ ಹೆದರಿಕೆ ಹೋಯಿತು. ನಾಲ್ಕನೆಯದರಲ್ಲಿ ಒಂದು ಕಡೆ ತಡವರಿಸಿದೆ, ಅಕ್ಕ ಬೆರಳು ಒತ್ತಿದಳು, ನೆನಪಾಯಿತು. ರಾಹುಕಾಲಕ್ಕೆ ಇನ್ನು ಮೂರು ನಿಮಿಷವಿರುವಾಗ, ಐದನೇ ನುಡಿಯಲ್ಲಿ ನನ್ನ ಶಕ್ತಿಯನ್ನೆಲ್ಲ ಸೇರಿಸಿ ಚೈತ್ರಳ ಹೆಸರು ಹಿಡಿದು ಕರೆದೆ.

ಪರದೆಯಲ್ಲಿ ಚೈತ್ರ ಅಲುಗಲಿಲ್ಲ. ನನ್ನನ್ನು ದಾಟಿ ಅಕ್ಕನನ್ನೇ ನೋಡುತ್ತಿದ್ದಳು. ಕರೆದವಳು ನಾನು. ಮಾತು ಕೊಟ್ಟವಳು ಅವಳು.

ಅಕ್ಕ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಬಾಯಿಯ ಹತ್ತಿರ ಹಿಡಿದಳು. ಇದ್ದಬದ್ದ ದನಿಯನ್ನೆಲ್ಲ ಕೂಡಿಸಿ ಹೇಳಿದಳು.

"ನಾನೇ ಕರ್ದಂಗೆ ಕಣವ್ವ. ಇವಳು ನಾನು ಎತ್ತಿ ಬೆಳೆಸಿದ ತಂಗಿ, ಇವಳ ಬಾಯಿ ಬೇರೆ ಅಲ್ಲ, ನನ್ನ ಬಾಯಿ ಬೇರೆ ಅಲ್ಲ. ಏಳು ಮಗಳೇ."

ಚೈತ್ರ ಎದ್ದಳು.